ಊರು ತಪ್ಪಿದ ಗಿಡಗಳು

ಮಧ್ಯಾಹ್ನ ಊಟಕ್ಕೆ ಕೂತಾಗ ಬೆರಳಿನಿಂದ ವಾಮಿಂಟ ಸೊಪ್ಪಿನ ವಾಸನೆ ಬಂತು. ಸೋಪು ಹಾಕಿ ತೊಳೆದಿದ್ದರೂ ಹೋಗಿರಲಿಲ್ಲ. ಹಸಿ ಸಾಸಿವೆ ಅರೆದ ಹಾಗೆ, ಅದರ ಹಿಂದೆ ಸ್ವಲ್ಪ ಬೆವರಿನ ಹಾಗೆ. ಸುಮ್ಮನೆ ಸವರಿದರೂ ಅಂಟಿಕೊಳ್ಳುವ ವಾಸನೆ ಅದು. ಎದುರಿಗೆ ಕೂತಿದ್ದ ಸಹೋದ್ಯೋಗಿ ತಮ್ಮ ಡಬ್ಬಿಯ ಕಡೆಗೇ ಅನುಮಾನದಿಂದ ನೋಡಿಕೊಂಡರು. ವಾಸನೆ ನನ್ನ ಬೆರಳಿನದು. ಹೇಳಲು ಹೊರಟರೆ ನಮ್ಮ ಸೋದರಮಾವನಿಂದ ಶುರು ಮಾಡಬೇಕಾಗುತ್ತದೆ, ಊಟದ ಬಿಡುವು ಅಷ್ಟು ದೊಡ್ಡದಲ್ಲ. ನಿಮಗಾದರೆ ಹೇಳಬಹುದು. ನೀವು ಎದುರಿಗೆ ಇಲ್ಲ, ಹಾಗಾಗಿ ಸಂಕೋಚ ಕಡಿಮೆ.

ವಾಮಿಂಟ ತೆಲುಗು ಹೆಸರು. ಕನ್ನಡ ಪುಸ್ತಕಗಳಲ್ಲಿ ಇದನ್ನು ನಾರಂಬೆಳೆ ಎಂದು ಬರೆದಿರುತ್ತಾರೆ. ಆದರೆ ಆಂಧ್ರದ ಆದವಾನಿ ಕಡೆಯ ನಾವು ಮನೆಯಲ್ಲಿ ಕನ್ನಡ ಆಡಿ ಶಾಲೆಯಲ್ಲಿ ತೆಲುಗು ಓದಿದವರು. ಸೊಪ್ಪಿನ ಹೆಸರು ಎರಡರಲ್ಲಿ ಯಾವುದು ಮೊದಲು ಬಾಯಿಗೆ ಬಂತೋ ಅದೇ. ಕೈಬೆರಳುಗಳಂತೆ ಹರಡಿದ ಎಲೆ, ಬಿಳಿ ಹೂವು, ಹೂವಿನಿಂದ ಬೆಕ್ಕಿನ ಮೀಸೆಯಂತೆ ಹೊರಚಾಚಿದ ಕೇಸರ. ಒಂದು ಮಳೆ ಬಿದ್ದರೆ ಸಾಕು, ಹೊಲದ ಬದುವಿನಲ್ಲಿ, ರೈಲು ಹಳಿಯ ಪಕ್ಕದಲ್ಲಿ, ಹತ್ತಿ ಮಿಲ್ಲಿನ ಗೋಡೆಯ ಬುಡದಲ್ಲಿ ಎದ್ದುಬಿಡುತ್ತದೆ. ಎಳೆಯದಿದ್ದಾಗ ಕೆಲವರು ಬೇಳೆಗೆ ಹಾಕುತ್ತಾರೆ, ಮಿಕ್ಕವರು ಕಿತ್ತು ಎಸೆಯುತ್ತಾರೆ. ನಾನು ಸಂಶೋಧನೆ ಮಾಡುವುದು ಇದರ ಮೇಲೆ ಎಂದು ತಿಳಿದಾಗ ಮಾವನ ಹೆಂಡತಿ, ನಮ್ಮ ಅತ್ತೆ, ಸೌಟು ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದರು.

“ಅಷ್ಟು ದೂರ ಹೋಗಿ, ಅಷ್ಟು ದೊಡ್ಡ ಓದು ಓದಿ, ಬಂದೂ ಬಂದೂ ಕಸಾ ಹಿಡಕೊಂಡ್ಯಾ ತಾಯಿ?”

ಅತ್ತೆಗೆ ನಾನು ಕೊಟ್ಟ ಉತ್ತರ ಅವರಿಗೆ ಹಿಡಿಸಲಿಲ್ಲ, ನಿಮಗೆ ಹಿಡಿಸೀತೇನೋ ನೋಡೋಣ. ಗಿಡಗಳು ಬಿಸಿಲಿನಲ್ಲಿ ತಮ್ಮ ಅನ್ನ ತಾವೇ ಮಾಡಿಕೊಳ್ಳುತ್ತವೆ ಎಂದು ಶಾಲೆಯಲ್ಲಿ ಎಲ್ಲರೂ ಓದಿರುತ್ತೇವೆ. ಆದರೆ ಬಹಳಷ್ಟು ಗಿಡಗಳಿಗೆ ಆದವಾನಿಯಂಥ ಬಿಸಿಲು ಅತಿಯಾಗುತ್ತದೆ. ಸೆಕೆ ಏರಿದಂತೆ ಅವುಗಳ ಎಲೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡಿನ ಬದಲು ಆಮ್ಲಜನಕವನ್ನು ತಪ್ಪಾಗಿ ಹಿಡಿದುಕೊಂಡು, ಮಾಡಿದ ಕೆಲಸವನ್ನೇ ಒಂದಿಷ್ಟು ಅಳಿಸಿಕೊಳ್ಳುತ್ತದೆ. ಜೋಳ, ಸಜ್ಜೆ, ಕಬ್ಬು, ಈ ವಾಮಿಂಟ ಇವೆಲ್ಲ ಅದಕ್ಕೊಂದು ಉಪಾಯ ಕಂಡುಕೊಂಡಿವೆ. ಎಲೆಯ ಹೊರಕೋಶಗಳು ಇಂಗಾಲವನ್ನು ಹಿಡಿದು, ನರಗಳನ್ನು ಸುತ್ತುವರಿದ ಒಳಕೋಶಗಳಿಗೆ ದಾಟಿಸುತ್ತವೆ. ಸಕ್ಕರೆ ಮಾಡುವ ಕೆಲಸ ಅಲ್ಲಿ ಬಾಗಿಲು ಹಾಕಿಕೊಂಡು ನಡೆಯುತ್ತದೆ. ವಿಕಾಸದ ದಾರಿಯಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ಗಿಡಗಳು ಬೇರೆ ಬೇರೆಯಾಗಿ ಇದೇ ಏರ್ಪಾಡಿಗೆ ಬಂದು ಮುಟ್ಟಿವೆ. ವಾಮಿಂಟದ ಹತ್ತಿರದ ನೆಂಟ ನಾಯಿಸಾಸಿವೆ ಮಾತ್ರ ಅದೇ ಬದುವಿನಲ್ಲಿ, ಅದರ ಪಕ್ಕದಲ್ಲೇ, ಹಳೆಯ ರೀತಿಯಲ್ಲಿ ಬದುಕಿಕೊಂಡಿದೆ. ಬಾಗಿಲು ಹಾಕಿಕೊಂಡು ಕೆಲಸ ಮಾಡುವವರ ಮೇಲೆ ನನಗೆ ಮೊದಲಿನಿಂದ ಒಲವು. ಈ ಗಿಡವನ್ನು ಆರಿಸಿಕೊಂಡದ್ದಕ್ಕೆ ಅದೂ ಒಂದು ಕಾರಣ ಎಂದು ಸಂಶೋಧನೆಯ ಅರ್ಜಿಯಲ್ಲಿ ಬರೆಯಲಾಗಲಿಲ್ಲ, ಅಷ್ಟೇ.

ನನ್ನ ಪ್ರಶ್ನೆ ಚಿಕ್ಕದು. ನದಿ ದೂರವಿಲ್ಲದ ನಂದವರಂ ಕಡೆಯ ವಾಮಿಂಟಕ್ಕೂ ಬಳ್ಳಾರಿ ಗಡಿಗೆ ಅಂಟಿದ ಹಾಲಹರವಿಯ ಒಣಹೊಲಗಳ ವಾಮಿಂಟಕ್ಕೂ ಎಲೆಯ ಒಳಗೆ ವ್ಯತ್ಯಾಸ ಉಂಟೇ? ಇದ್ದರೆ ಅದರ ಗುರುತು ಜೀನುಗಳಲ್ಲಿ ಎಲ್ಲಿದೆ? ಇದಕ್ಕಾಗಿ ಒಂದು ಮಳೆಗಾಲವಿಡೀ ಆದವಾನಿಯಲ್ಲಿ ಮಾವನ ಮನೆಯಲ್ಲಿ ಉಳಿದು ಎಲೆ ಕೂಡಿಸಿದೆ.

ಮಾವ ಎಂದರೆ ಅಮ್ಮನ ತಮ್ಮ. ಕರೆಂಟಿನ ಆಫೀಸಿನಲ್ಲಿ ಲೈನ್‌ಮನ್. ಸುತ್ತಲಿನ ಊರುಗಳನ್ನು ಅವರು ಕಂಬಗಳಿಂದ ಗುರುತಿಸುತ್ತಾರೆ. ಗುಡಿ, ಕೆರೆ ಹೇಳಿದರೆ ತಲೆ ಕೆರೆದುಕೊಳ್ಳುತ್ತಾರೆ, ಟ್ರಾನ್ಸ್‌ಫಾರ್ಮರ್ ಹೇಳಿದರೆ ನೆಟ್ಟಗೆ ಹೋಗಿ ನಿಲ್ಲಿಸುತ್ತಾರೆ. ರಜೆಯ ದಿನಗಳಲ್ಲಿ ತಮ್ಮ ಬೈಕಿನ ಹಿಂದೆ ಕೂರಿಸಿಕೊಂಡು ನನ್ನನ್ನು ಹೊಲ ಹೊಲ ಸುತ್ತಿಸಿದವರು ಅವರೇ. ನಾನು ಒಂದು ಮಾತಿಗೆ ಒಂದು ಮಾತು ಆಡುವವಳು. ಮಾವ ನನ್ನ ಪಾಲಿನದನ್ನೂ ಸೇರಿಸಿ ಆಡುವವರು. ಅವರಿಗೊಂದು ಅಭ್ಯಾಸ: ನನ್ನನ್ನು ಯಾರಿಗಾದರೂ ಪರಿಚಯಿಸುವಾಗ ಇದ್ದದ್ದನ್ನು ಇದ್ದಷ್ಟೇ ಹೇಳಲು ಅವರಿಗೆ ಬಾಯಿ ಬರುತ್ತಿರಲಿಲ್ಲ. ಚಹಾದಂಗಡಿಯಲ್ಲಿ ನಾನು ಸೈಂಟಿಸ್ಟ್. ಗೊಬ್ಬರದಂಗಡಿಯಲ್ಲಿ ಅಗ್ರಿಕಲ್ಚರ್ ಡಾಕ್ಟರ್. ಒಂದು ಊರಿನ ಸರಪಂಚರ ಮುಂದೆ ನಾನು ಯಾವುದೋ ಕಮಿಟಿಯ ಮೆಂಬರ್ ಆಗಿಬಿಟ್ಟೆ.

“ಮಾವ, ಹಂಗೆಲ್ಲ ಹೇಳಬ್ಯಾಡ್ರಿ,” ಎಂದರೆ, “ನೀ ಸುಮ್ಕಿರವ್ವಾ. ಓದಾಕತ್ಯಾಳ ಅಂದ್ರ ಕುಂದ್ರಾಕ ಮಣೀನೂ ಕೊಡಂಗಿಲ್ಲ ಈ ಮಂದಿ,” ಎನ್ನುತ್ತಿದ್ದರು.

ಒಂದೊಂದು ಗಿಡದ ಎಲೆಯನ್ನು ಒಂದೊಂದು ಕಾಗದದ ಕವರಿನಲ್ಲಿ ಹಾಕಿ, ಮೇಲೆ ಊರು, ಜಾಗ, ಗಿಡದ ಗುರುತು ಬರೆದು ಒಣಗಿಸುವುದು ನನ್ನ ಕೆಲಸ. ಈ ವಿಷಯದಲ್ಲಿ ನಾನು ಎಷ್ಟು ಅತಿ ಎಂದರೆ, ಅತ್ತೆ ಒಂದು ದಿನ ಉಪ್ಪಿನ ಡಬ್ಬಿಯನ್ನೂ ಸಕ್ಕರೆ ಡಬ್ಬಿಯನ್ನೂ ತಂದು ಮುಂದಿಟ್ಟು, “ಇವಕ್ಕೂ ಒಂದೊಂದು ಚೀಟಿ ಹಚ್ಚಿಬಿಡು, ನಿಮ್ಮ ಮಾವಗ ಗೊತ್ತಾಗಂಗಿಲ್ಲ,” ಎಂದರು. ನಾನು ನಿಜಕ್ಕೂ ಹಚ್ಚಿದೆ.

ಯಾಕೆ ಇಷ್ಟೆಲ್ಲ ಹೇಳುತ್ತಿದ್ದೇನೆ ಎಂದರೆ, ಮುಂದಿನ ಬೇಸಗೆಯ ಕೊನೆಗೆ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಜೀನೋಮಿನ ಫಲಿತಾಂಶ ಬಂದಾಗ ಅದನ್ನು ನಾನೇಕೆ ನಂಬಲಾರದೆ ಹೋದೆ ಎಂಬುದು ನಿಮಗೆ ಅರ್ಥವಾಗಬೇಕು. ಕಂಪ್ಯೂಟರಿನ ತೆರೆಯ ಮೇಲೆ ಒಂದೊಂದು ಗಿಡವೂ ಒಂದೊಂದು ಚುಕ್ಕೆ. ಹತ್ತಿರದ ರಕ್ತಸಂಬಂಧಿಗಳು ಹತ್ತಿರ ಕೂರುತ್ತವೆ. ನಂದವರದ ಚುಕ್ಕೆಗಳು ಒಂದು ಗುಂಪಾಗಿ ಒಂದು ಮೂಲೆಯಲ್ಲಿದ್ದವು, ಹಾಲಹರವಿಯವು ಇನ್ನೊಂದು ಮೂಲೆಯಲ್ಲಿ. ನೋಡಿ ಖುಷಿಯಾಯಿತು. ಆಮೇಲೆ ಕಣ್ಣಿಗೆ ಬಿತ್ತು: ಹಾಲಹರವಿ ಎಂದು ನನ್ನ ಕೈಯಾರೆ ಬರೆದಿದ್ದ ಕೆಲವು ಗಿಡಗಳು ನಂದವರದ ಗುಂಪಿನ ನಟ್ಟನಡುವೆ, ಅಲ್ಲೇ ಹುಟ್ಟಿ ಬೆಳೆದವುಗಳಂತೆ ಕೂತಿದ್ದವು.

ಗಿಡಕ್ಕೆ ಕಾಲಿಲ್ಲ. ಕವರಿಗೆ ಮಾತ್ರ ಕಾಲಿರುತ್ತದೆ.

ನನ್ನ ಗೈಡ್ ಮೇಡಂ ಗದರುವವರಲ್ಲ. ಕನ್ನಡಕ ತೆಗೆದು ಒರೆಸುತ್ತಾ, “ಎಲ್ಲೋ ಅದಲುಬದಲಾಗಿರಬಹುದಮ್ಮ. ಆಗುತ್ತೆ. ಆದರೆ ಎಲ್ಲಿ ಆಯಿತು ಅಂತ ಗೊತ್ತಾಗದೆ ಇದನ್ನ ಮುಂದಕ್ಕೆ ಒಯ್ಯೋಕೆ ಆಗಲ್ಲ,” ಎಂದರು. ಗದರಿದ್ದರೆ ಚೆನ್ನಾಗಿತ್ತು. ಅವರ ಮಾತಿನ ಅರ್ಥ ನನಗೆ ಪೂರ್ತಿ ಗೊತ್ತಿತ್ತು. ಕೆಲವು ಕವರು ಅದಲುಬದಲಾಗಿದ್ದರೆ, ಮಿಕ್ಕವು ಆಗಿಲ್ಲ ಎಂದು ಹೇಳುವವರು ಯಾರು? ಎಲೆಯ ಅಳತೆ ಒಂದು ಗಿಡದ್ದು, ಜೀನು ಇನ್ನೊಂದು ಗಿಡದ್ದು ಆದರೆ ನನ್ನ ಇಡೀ ಪ್ರಬಂಧಕ್ಕೆ ಬೆಲೆಯಿಲ್ಲ. ಅಷ್ಟು ಕಾಲದ ಕೆಲಸ ಹೋಗುತ್ತಿತ್ತು. ಸಂಶೋಧನಾ ವೇತನ ಮುಗಿಯುತ್ತಾ ಬಂದಿತ್ತು, ಮತ್ತೆ ಮೊದಲಿನಿಂದ ಮಾಡುವ ಅವಕಾಶ ಯಾರೂ ಕೊಡುತ್ತಿರಲಿಲ್ಲ.

ನಾನು ಯಾರಿಗೂ ಹೇಳಲಿಲ್ಲ. ಅಮ್ಮನ ಫೋನಿಗೆ ಊಟ, ಹವೆ ಎಂದು ಮಾತಾಡಿ ಇಟ್ಟೆ. ವಿಚಿತ್ರವೆಂದರೆ, ತಪ್ಪು ಎಲ್ಲಿ ಆಯಿತು ಎಂದು ನೆನಪು ಮಾಡಿಕೊಳ್ಳಲು ಕೂತಷ್ಟೂ ನೆನಪು ಬರತೊಡಗಿತು. ಒಂದು ಸಂಜೆ ಗಾಳಿ ಎದ್ದಿತ್ತಲ್ಲ, ಆಗ ಇರಬೇಕು. ಅತ್ತೆ ಕೋಣೆ ಗುಡಿಸಿದರಲ್ಲ, ಆಗ ಇರಬೇಕು. ಕೊನೆಗೆ ತಪ್ಪು ನನ್ನದೇ ಎಂದು ಮೇಡಂಗೆ ಒಪ್ಪಿಸಬೇಕಾದ ವಾಕ್ಯಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೂ ಆಗಿತ್ತು. ಮಾಡಿದ್ದೇನೆಯೋ ಇಲ್ಲವೋ ಎಂಬ ಅನುಮಾನದಲ್ಲಿ ಇರುವುದಕ್ಕಿಂತ ಮಾಡಿದ್ದೇನೆ ಎಂದು ಒಪ್ಪಿಕೊಳ್ಳುವುದು ಹಗುರ ಅನಿಸುವ ಸ್ಥಿತಿಯೊಂದು ಇರುತ್ತದೆ. ಅದನ್ನು ಪ್ರಾಮಾಣಿಕತೆ ಎಂದು ನಾನು ತಿಳಿದುಕೊಂಡಿದ್ದೆ. ಅದು ಬರೀ ಸುಸ್ತು.

ಮೊದಲ ಮಳೆ ಬಿದ್ದ ಸುದ್ದಿ ಬಂದಾಗ, ಒಪ್ಪಿಸುವ ಮೊದಲು ಒಂದು ಸಲ ಆ ಹೊಲ ನೋಡಿ ಬರುತ್ತೇನೆ ಎಂದು ರಜೆ ಕೇಳಿ ಆದವಾನಿಗೆ ರೈಲು ಹತ್ತಿದೆ. ಸ್ಟೇಷನ್ನಿಗೆ ಬಂದಿದ್ದ ಮಾವ ಬ್ಯಾಗು ಇಸಿದುಕೊಳ್ಳುತ್ತಾ, “ಯಾಕವ್ವಾ, ಮಾರಿ ಹಿಂಗ್ಯಾಕ ಸಣ್ಣದಾಗೇತಿ? ಅಲ್ಲಿ ಯಾರರೆ ಏನರೆ ಅಂದರೇನು?” ಎಂದರು.

“ಏನಿಲ್ಲ ಮಾವ. ಪ್ರಯಾಣ.”

“ಪ್ರಯಾಣ ನಾನೂ ಮಾಡ್ತೀನಿ,” ಎಂದಷ್ಟೇ ಅಂದು ಬೈಕು ಚಾಲೂ ಮಾಡಿದರು.

ಮರುದಿನ ಹಾಲಹರವಿಗೆ ಹೋದೆವು. ಊರು ತಪ್ಪಿದ ಆ ಗಿಡಗಳನ್ನೆಲ್ಲ ನಾನು ಹಿಂದಿನ ವರ್ಷ ತೆಗೆದದ್ದು ಒಂದೇ ಹೊಲದಿಂದ. ಅದು ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿತ್ತು. ಕವರು ಅದಲುಬದಲಾಗಿದ್ದರೆ ಎಲ್ಲ ಹೊಲಗಳದ್ದೂ ಆಗಬೇಕು, ಒಂದೇ ಹೊಲದ್ದು ಯಾಕೆ? ಬೈಕು ನಿಲ್ಲಿಸಿ ನಾನು ಬ್ಯಾಗಿನಿಂದ ಅಳತೆಯ ಟೇಪು ತೆಗೆಯುತ್ತಿದ್ದ ಹಾಗೆ ದಾರಿಯಲ್ಲಿ ಹೋಗುತ್ತಿದ್ದ ರೈತರೊಬ್ಬರು ನಿಂತರು.

“ಸೋಲಾರ್ ಕಂಪನಿಗೆ ಹೊಲ ನೋಡಾಕ ಬಂದೀರೇನ್ರೀ? ನಮ್ದೂ ಒಂದೀಟು ಐತಿ, ಈ ಕಡಿ.”

“ಇಲ್ರಿ, ವಾಮಿಂಟ ನೋಡಾಕ,” ಎಂದೆ. ಅವರು ನನ್ನ ಮುಖ ನೋಡಿ, ಮಾವನ ಮುಖ ನೋಡಿ, ತಮ್ಮ ದಾರಿ ಹಿಡಿದರು.

ಹೊಲ ಇನ್ನೂ ಬಿತ್ತಿರಲಿಲ್ಲ. ಎರೆಭೂಮಿಯ ಮೇಲೆ ಅಲ್ಲೊಂದು ಇಲ್ಲೊಂದು ವಾಮಿಂಟ ಮೊಳೆತಿತ್ತು. ಆದರೆ ನಡುವೆ ಒಂದು ಕಡೆ ದಟ್ಟವಾಗಿ, ಯಾರೋ ದಾರ ಹಿಡಿದು ಗೆರೆ ಎಳೆದಂತೆ ನಾಲ್ಕು ಅಂಚಿನ ಚೌಕವಾಗಿ ಎದ್ದಿತ್ತು. ಕಳೆ ಎಲ್ಲಿಯೂ ಚೌಕವಾಗಿ ಬೆಳೆಯುವುದಿಲ್ಲ. ನಾನು ನೋಡುತ್ತಾ ನಿಂತದ್ದು ಕಂಡು ಮಾವ, “ಅದು ಕುರಿ ನಿಲ್ಲಿಸಿದ ಜಾಗ, ಅದಕ್ಕ ಹಸುರು,” ಎಂದರು.

ನಮ್ಮ ಕಡೆಯವರಿಗೆ ಇದು ಹೇಳುವಂಥ ವಿಷಯವೇ ಅಲ್ಲ, ಆದರೂ ಹೇಳುತ್ತೇನೆ. ಬೇಸಗೆಯಲ್ಲಿ ಬೆಳೆ ತೆಗೆದ ಹೊಲಕ್ಕೆ ರೈತರು ಕುರಿಯವರನ್ನು ಕರೆಸುತ್ತಾರೆ. ಅವರು ಬಲೆ ಕಟ್ಟಿ ಮಂದೆಯನ್ನು ಅದರೊಳಗೆ ಮಲಗಿಸುತ್ತಾರೆ. ಹಿಕ್ಕೆಯೂ ಗಂಜಲವೂ ಮಣ್ಣಿಗೆ ಬಿದ್ದು ಹೊಲಕ್ಕೆ ಗೊಬ್ಬರವಾಗುತ್ತದೆ. ಚಿಕ್ಕಂದಿನಿಂದ ನೋಡಿದ್ದೆ. ಹಿಂದಿನ ವರ್ಷ ಇದೇ ಹೊಲದಲ್ಲಿ ಮೊಣಕಾಲೂರಿ ಎಲೆ ಕೀಳುವಾಗಲೂ ಗಿಡದ ಬುಡದಲ್ಲಿ ಹಿಕ್ಕೆ ಬಿದ್ದಿದ್ದನ್ನು ನೋಡಿದ್ದೆ. ನೋಡಿ, ಕೈಗೆ ಹತ್ತೀತೆಂದು ಸರಿಸಿದ್ದೆ.

ಈಗ ಕೂತು ಒಣಗಿದ ಹಿಕ್ಕೆಗಳನ್ನು ಉಗುರಿನಿಂದ ಒಡೆಯತೊಡಗಿದೆ. ಮಾವ ಸ್ವಲ್ಪ ದೂರ ಸರಿದು ಬೇರೆ ಕಡೆ ಮುಖ ಮಾಡಿ ನಿಂತರು. ಅಕ್ಕನ ಮಗಳನ್ನು ಯಾರಿಗೆ ಏನೆಂದು ಪರಿಚಯಿಸುವುದು ಎಂಬ ಚಿಂತೆ ಇದ್ದಿರಬೇಕು. ಬಹಳ ಹಿಕ್ಕೆಗಳಲ್ಲಿ ಬರೀ ನಾರು. ಆಮೇಲೆ ಒಂದರಲ್ಲಿ ಕಪ್ಪಗೆ, ಸಾಸಿವೆಗಿಂತ ಚಿಕ್ಕದಾಗಿ, ಬಸವನಹುಳುವಿನಂತೆ ಸುತ್ತಿಕೊಂಡ ಬೀಜ. ಮಸೂರದಡಿ ಹಿಡಿದೆ. ಒರಟು ಮೈ, ವಾಮಿಂಟದ್ದೇ.

ಗಿಡಕ್ಕೆ ಕಾಲಿಲ್ಲ, ಆದರೆ ಕುರಿಗೆ ಇದೆ. ಈ ಮಂದೆ ಇಲ್ಲಿಗೆ ಬರುವ ಮೊದಲು ಎಲ್ಲಿ ಮೇಯ್ದಿತ್ತು?

ಕುರಿಯವರು ಇನ್ನೂ ಊರು ಬಿಟ್ಟಿರಲಿಲ್ಲ. ನಾಲ್ಕು ಹೊಲದಾಚೆ ಬೇವಿನ ಮರದ ಕೆಳಗೆ ಗಂಡಹೆಂಡತಿ ಇಬ್ಬರೂ ಇದ್ದರು: ಕಂಬಳಿ ಹೆಗಲಿಗೆ ಹಾಕಿದ ಬೀರಪ್ಪ, ಮೂರು ಕಲ್ಲಿನ ಮೇಲೆ ಮಡಕೆ ಇಟ್ಟ ಲಿಂಗಮ್ಮ. ನಾನು ಬಾಯಿ ತೆಗೆಯುವಷ್ಟರಲ್ಲಿ ಮಾವ ಮುಂದೆ ಹೋಗಿ, “ಈಕಿ ನಮ್ಮಕ್ಕನ ಮಗಳು. ಗೌರ್ಮೆಂಟ್ ಆಫೀಸರು. ಕುರಿ ಎಲ್ಲೆಲ್ಲಿ ಮೇಯ್ಸ್ತೀರಿ ಅಂತ ಎನ್‌ಕ್ವೈರಿಗೆ ಬಂದಾಳ,” ಎಂದುಬಿಟ್ಟರು.

ಬೀರಪ್ಪನ ಮುಖ ಬಿಗಿದುಕೊಂಡಿತು. “ಎಲ್ಲಿ ಹೋಗೂದ್ರೀ ಸಾಹೇಬ್ರ. ಇಲ್ಲೇ, ಹಾಲಹರವಿ ಸುತ್ತಲೇ.”

“ನಂದವರಂ ಕಡೆ?” ಎಂದೆ.

“ನಂದವರಮಾ? ಅಮ್ಮೋ! ಅದು ಯಾವ ದಿಕ್ಕಿಗೈತಿ ಅಂತಾನೂ ಗೊತ್ತಿಲ್ರಿ. ನಮ್ಮ ಕುರಿ ಆ ಕಡಿ ಮಾರಿ ಮಾಡಿ ಮಲಗಂಗೂ ಇಲ್ಲ.”

ಲಿಂಗಮ್ಮ ಮಡಕೆಯ ಕಡೆ ತಿರುಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಕ್ಕದ್ದು ಬೆನ್ನಿನಲ್ಲಿ ಕಾಣುತ್ತಿತ್ತು.

ಅಲ್ಲಿಗೆ ಬಿಟ್ಟು ಬರುವುದು ನನ್ನ ಸ್ವಭಾವ. ಯಾರಾದರೂ ಇಲ್ಲ ಎಂದರೆ ಸರಿ ಎಂದು ಬರುವವಳು ನಾನು. ಆದರೆ ಆ ಹೊತ್ತು, ಬ್ಯಾಗಿನ ಪಟ್ಟಿ ಹಿಡಿದು ನಿಂತಲ್ಲೇ, ಇದು ಬಿಟ್ಟರೆ ನನಗೆ ಬೇರೆ ದಾರಿಯಿಲ್ಲ ಎನಿಸಿತು. ಅಮ್ಮನಿಗೂ ಹೇಳದೆ ಇಟ್ಟುಕೊಂಡದ್ದು ಇಬ್ಬರು ಅಪರಿಚಿತರ ಮುಂದೆ ಬಂದುಬಿಟ್ಟಿತು.

“ನಾನು ಆಫೀಸರ್ ಅಲ್ರಿ. ಇನ್ನೂ ಓದಾಕತ್ತೀನಿ. ಹೋದ ವರ್ಷ ಇಲ್ಲಿ ವಾಮಿಂಟ ಎಲಿ ತಗೊಂಡ್ಹೋಗಿದ್ದೆ. ಅವು ಹಾಲಹರವಿ ಗಿಡ ಅಲ್ಲ, ನಂದವರದ್ದು ಅಂತ ಪರೀಕ್ಷೆದಾಗ ಬಂದೈತಿ. ನಾನೇ ಚೀಟಿ ತಪ್ಪು ಬರದೀನಿ ಅಂತಾರ. ಹಂಗಾದ್ರ ನಾ ಇಷ್ಟು ವರ್ಷ ಓದಿದ್ದೆಲ್ಲ ಹೋಗತೈತಿ. ನಿಮ್ಮ ಕುರಿ ಅಲ್ಲಿಂದ ಬೀಜ ತಂದಿದ್ರ ಮಾತ್ರ ನಾ ಉಳಕೋತೀನಿ. ಯಾರಿಗೂ ಹೇಳಂಗಿಲ್ಲ, ಇದ್ದದ್ದು ಹೇಳ್ರಿ.”

ಕೊನೆಯ ಮಾತು ಬರುವಷ್ಟರಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಮಾವ ನನ್ನ ಕಡೆ ನೋಡಿದರು.

ಲಿಂಗಮ್ಮ ಎದ್ದು ಬಂದರು. “ಏ, ಹೇಳು ಮಾರಾಯ. ಹುಡುಗಿ ಅಳಾಕತ್ತೈತಿ, ಇನ್ನ ಏನ್ ಮುಚ್ಚಿಡ್ತಿ? ವರ್ಷಾ ಅಲ್ಲೇ ಹೋಗ್ತೀವಿ ಯವ್ವಾ, ನಂದವರಂ ಕಡೀಗೇ. ನದಿ ದಂಡ್ಯಾಗ ನೀರಿರತೈತಿ ಕದಾ. ಅಲ್ಲಿಂದ ಆದವಾನಿ ದಾಟಿ ಸೀದಾ ಈ ಹೊಲಕ್ಕ ಬರ್ತೀವಿ. ಹೋದ ವರ್ಷಾನೂ ಹಂಗೇ, ಈ ವರ್ಷಾನೂ ಹಂಗೇ. ಅಲ್ಲಿ ಒಬ್ಬಾತನ ಮೆಣಸಿನಕಾಯಿ ತ್ವಾಟದಾಗ ಕುರಿ ಹೊಕ್ಕುಬಿಟ್ಟಿದ್ವು. ಆತ ಕಂಪ್ಲೇಂಟ್ ಕೊಡ್ತೀನಿ ಅಂದಿದ್ದ, ನೀವು ಅದಕ್ಕೇ ಬಂದೀರಿ ಅಂತ ಇಂವ ಸುಳ್ಳು ಬೊಗಳ್ಯಾನ.”

“ಎರಡೇ ಕುರಿ ಹೊಕ್ಕಿದ್ವು,” ಎಂದ ಬೀರಪ್ಪ, ನೊಂದವನಂತೆ.

“ಎರಡಾ? ಮುಂದಿಂದು ಎರಡು. ಹಿಂದಿಂದು ಎಣಿಸೋರ್ಯಾರು?”

ನನಗೆ ನಗು ಬಂತು. ಅಳುವೂ ಇನ್ನೂ ಮುಗಿದಿರಲಿಲ್ಲ. ಎರಡೂ ಒಟ್ಟಿಗೆ ಬಂದಾಗ ಮುಖ ಹೇಗೆ ಕಾಣುತ್ತದೋ ಗೊತ್ತಿಲ್ಲ. ಲಿಂಗಮ್ಮ ಒಂದು ಸ್ಟೀಲ್ ಲೋಟದಲ್ಲಿ ಮಜ್ಜಿಗೆ ಕೊಟ್ಟು, ಕುಡಿಯುವ ತನಕ ಮುಂದೆ ನಿಂತರು.

ಆ ದಿನವೇ ಚೌಕದ ಒಳಗಿನಿಂದ ಒಂದಿಷ್ಟು, ಹೊರಗಿನಿಂದ ಒಂದಿಷ್ಟು ಎಳೆಗಿಡದ ಎಲೆ ತೆಗೆದೆ. ಒಳಗಿನದನ್ನು ನಾನು ಹಿಡಿದೆ, ಹೊರಗಿನದನ್ನು ಮಾವ ಹಿಡಿದರು. ಬೇರೆ ಬೇರೆ ಚೀಲ, ಬೈಕಿನ ಬೇರೆ ಬೇರೆ ಪಕ್ಕ. ವಾಪಸು ಬರುವ ದಾರಿಯಲ್ಲಿ ಆದವಾನಿಯ ಮಿಲ್ಲುಗಳು ಕಾಣತೊಡಗಿದ ಮೇಲೆ, ಗಾಳಿಗೆ ಹಾರಿದ ಹತ್ತಿಯ ಎಳೆಗಳು ಬೇಲಿಯ ಜಾಲಿಗೆ ಅಂಟಿದ್ದ ಕಡೆ ಮಾವ ಬೈಕು ನಿಧಾನ ಮಾಡಿ, ಹಿಂದೆ ತಿರುಗದೆ, “ಇಷ್ಟು ದೊಡ್ಡದು ಹೊಟ್ಯಾಗ ಇಟಗೊಂಡು ಪ್ರಯಾಣ ಅಂದ್ಯಲ್ಲವ್ವಾ,” ಎಂದರು. ನಾನು ಅವರ ಹೆಗಲ ಮೇಲೆ ಕೈ ಇಟ್ಟೆ.

ಫಲಿತಾಂಶ ಬರಲು ತಡವಾಯಿತು. ಕಾಯುವ ದಿನಗಳನ್ನು ನಾನು ವರ್ಣಿಸುವುದಿಲ್ಲ. ಉಗುರು ಕಚ್ಚುವ ಅಭ್ಯಾಸ ನನಗೆ ಆಗ ಬಂದದ್ದು. ಬಂದ ದಿನ ಮೇಡಂ ಕೋಣೆಯಲ್ಲಿ ಇಬ್ಬರೂ ನಿಂತೇ ನೋಡಿದೆವು. ಚೌಕದ ಹೊರಗಿನ ಗಿಡಗಳು ಹಾಲಹರವಿಯ ಗುಂಪಿನಲ್ಲಿ ಕೂತಿದ್ದವು. ಒಳಗಿನವು, ಬೆರಳೆಣಿಕೆಯಷ್ಟು ಬಿಟ್ಟರೆ, ನಂದವರದವರ ನಡುವೆ. ಹಿಂದಿನ ವರ್ಷದ ಆ ತಪ್ಪು ಚುಕ್ಕೆಗಳು ಅವುಗಳ ಮಗ್ಗುಲಲ್ಲೇ ಇದ್ದವು, ಮನೆಯವರ ಜೊತೆ ಕೂತ ಹಾಗೆ. ಮೇಡಂ ಬಹಳ ಹೊತ್ತು ನೋಡಿ, “ಹಾಗಾದ್ರೆ ನಿನ್ನ ಕವರುಗಳು ಸರಿಯಾಗೇ ಇದ್ದವು,” ಎಂದರು. ನಾನು ಹೂಂ ಎಂದೆ. ಹೊರಗೆ ಬಂದು ಕಾರಿಡಾರಿನ ಕೊನೆಯ ಕಿಟಕಿಯ ಹತ್ತಿರ ಸುಮ್ಮನೆ ನಿಂತುಕೊಂಡೆ. ಉಸಿರು ಪೂರ್ತಿ ಒಳಗೆ ಹೋಗುತ್ತಿತ್ತು. ಎಷ್ಟು ವಾರಗಳಿಂದ ಅರ್ಧ ಉಸಿರು ಎಳೆದುಕೊಂಡು ಬದುಕುತ್ತಿದ್ದೆ ಎಂಬುದು ಆಗ ಗೊತ್ತಾಯಿತು.

ಆ ಹೊಲದ ಅಧ್ಯಾಯವೇ ನನ್ನ ಪ್ರಬಂಧದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂತು. ಒಂದೇ ಮಣ್ಣು, ಒಂದೇ ಮಳೆ, ಒಂದೇ ಬಿಸಿಲಿನಲ್ಲಿ ಎರಡು ಊರಿನ ಗಿಡಗಳು ಅಕ್ಕಪಕ್ಕ ನಿಂತಿದ್ದವು. ಅಲ್ಲಿಯೂ ಅವುಗಳ ಎಲೆಯ ನರಗಳ ಅಂತರ ಬೇರೆ ಬೇರೆಯೇ ಇತ್ತು. ಹಾಗಾಗಿ ಆ ವ್ಯತ್ಯಾಸ ಹೊಲದ್ದಲ್ಲ, ವಂಶದ್ದು ಎಂದು ನಾನು ಧೈರ್ಯವಾಗಿ ಬರೆಯಬಹುದಾಗಿತ್ತು. ಕೃತಜ್ಞತೆಯ ಪುಟದಲ್ಲಿ ಬೀರಪ್ಪ, ಲಿಂಗಮ್ಮ ಇದ್ದಾರೆ. ನದಿಯ ದಂಡೆಯ ಸುದ್ದಿ ಇದೆ, ಮೆಣಸಿನಕಾಯಿ ತೋಟದ ಸುದ್ದಿ ಇಲ್ಲ.

ಇದೆಲ್ಲ ಆಗಿ ಕೆಲವು ವರ್ಷವಾಯಿತು. ನಾನೀಗ ಬೇರೊಂದು ಲ್ಯಾಬಿನಲ್ಲಿ ಅದೇ ಗಿಡಗಳ ಮುಂದಿನ ತಲೆಮಾರುಗಳನ್ನು ಗಾಜಿನಮನೆಯಲ್ಲಿ ಬೆಳೆಸುತ್ತೇನೆ. ಹೋದ ವಾರ ಹೊಸ ಫಲಿತಾಂಶ ಬಂತು. ತೆರೆಯ ಮೇಲೆ ಮತ್ತೆ ಎರಡು ಚುಕ್ಕೆಗಳು ಇರಬಾರದ ಕಡೆ ಇದ್ದವು. ಕೋಣೆಯ ಬಾಗಿಲು ಹಾಕಿಕೊಳ್ಳಲಿಲ್ಲ. ಲ್ಯಾಪ್‌ಟಾಪನ್ನು ಹಾಗೆಯೇ ಎತ್ತಿಕೊಂಡು ಹೋಗಿ ಎಲ್ಲರ ಮುಂದೆ ಮೇಜಿನ ಮೇಲೆ ಇಟ್ಟು, “ಇವೆರಡು ಯಾಕೋ ಸರಿ ಇಲ್ಲ, ನೋಡಿ,” ಎಂದೆ. ಕೂತು ಒಂದೊಂದಾಗಿ ಹಿಂದಕ್ಕೆ ಹುಡುಕಿದೆವು. ಗಾಜಿನಮನೆಯೊಳಗೆ ಕುರಿ ಬರಲು ಸಾಧ್ಯವಿರಲಿಲ್ಲ. ಈ ಸಲ ನಿಜವಾಗಿಯೂ ನಾನೇ ಎರಡು ಕವರುಗಳನ್ನು ಅದಲುಬದಲು ಮಾಡಿದ್ದೆ.

“ಗಿಡ ಇನ್ನೂ ಇವೆಯಲ್ಲ?” ಎಂದು ಲ್ಯಾಬಿನವರೊಬ್ಬರು ಕೇಳಿದರು.

“ಇವೆ.”

“ಹಾಗಾದ್ರೆ ಇನ್ನೊಂದು ಸಲ ಎಲೆ ತಗೊಳ್ಳಿ.”

ಇವತ್ತು ಬೆಳಿಗ್ಗೆ ಹೋಗಿ ಎರಡರಿಂದಲೂ ಮತ್ತೆ ಎಲೆ ಕತ್ತರಿಸಿಕೊಂಡೆ, ಕವರಿಗೆ ಹಾಕಿದೆ, ಬರೆದೆ. ಅಷ್ಟೇ. ಆಮೇಲೆ ಹಸಿವಾಯಿತು, ಊಟಕ್ಕೆ ಹೋದೆ.